ಪುಸ್ತಕದಿಂದ ಸೀರೆಯವರೆಗೆ

ಅಂಗಡಿಯ ಮುಖ ನೋಡದೆ ದೂರದೂರಿನಿಂದ ಸರಕು ತರಿಸುವ ರೂಢಿ ಮೊಬೈಲಿಗಿಂತ ಬಹಳ ಹಳೆಯದು. ನಮ್ಮ ದೇಶದ ಅಂಚೆ ಇಲಾಖೆ ವಿ.ಪಿ. ಪದ್ಧತಿಯನ್ನು 1877ರಲ್ಲೇ ಆರಂಭಿಸಿತ್ತು. ಪಾರ್ಸಲ್ ಬರುತ್ತದೆ, ಪೋಸ್ಟ್‌ಮನ್ ಕೈಗೆ ಹಣ ಕೊಟ್ಟು ಬಿಡಿಸಿಕೊಳ್ಳಬೇಕು. ನಾನು ಮಾಸ್ತರಿಕೆ ಮಾಡುತ್ತಿದ್ದ ದಿನಗಳಲ್ಲಿ ಜಮಖಂಡಿ ಹತ್ತಿರದ ನಮ್ಮ ಚಿಕ್ಕಪಡಸಲಗಿಗೆ ಧಾರವಾಡದ ಪುಸ್ತಕಗಳು ಬರುತ್ತಿದ್ದದ್ದು ಅಂಚೆಯಲ್ಲೇ. 1933ರಲ್ಲಿ ಜಿ.ಬಿ. ಜೋಶಿಯವರು ಕಟ್ಟಿದ ಮನೋಹರ ಗ್ರಂಥಮಾಲೆಯಂಥ ಸಂಸ್ಥೆ ಊರೂರಿನ ಚಂದಾದಾರರನ್ನು ನಂಬಿ ಬೆಳೆದದ್ದು. ಪುಸ್ತಕವನ್ನು ಮುಟ್ಟದೆ ಕೊಳ್ಳಲು ಯಾರೂ ಅಂಜುವುದಿಲ್ಲ. ಧಾರವಾಡದ ಪ್ರತಿಗೂ ಜಮಖಂಡಿಯ ಪ್ರತಿಗೂ ಒಂದಕ್ಷರ ವ್ಯತ್ಯಾಸವಿಲ್ಲ.

2007ರಲ್ಲಿ ಬೆಂಗಳೂರಿನಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಫ್ಲಿಪ್‌ಕಾರ್ಟ್ ಶುರು ಮಾಡಿದಾಗ ಮೊದಲು ಪುಸ್ತಕ ಹಿಡಿದದ್ದು ಇದಕ್ಕಾಗಿಯೇ ಎಂದು ನನ್ನ ನಂಬಿಕೆ. ಇಬ್ಬರೂ ಮೊದಲು ಅಮೆಜಾನ್‌ನಲ್ಲಿ ದುಡಿದವರು. ಆ ಅಮೆಜಾನ್ ಕೂಡ ಪುಸ್ತಕದಿಂದಲೇ ಹೊರಟದ್ದು. ಆಮೇಲಿನ ಕಥೆಯನ್ನು ಎಲ್ಲರೂ ಕಪಾಟಿಗೆ ಹಲಗೆ ಸೇರಿಸಿದಂತೆ ಹೇಳುತ್ತಾರೆ: ಪುಸ್ತಕ, ಮೊಬೈಲ್, ಬಟ್ಟೆ, ಫ್ರಿಜ್, ಕಿರಾಣಿ. ಅಷ್ಟು ಸಲೀಸಾಗಿ ಅದು ಆಗಲಿಲ್ಲ. ಪ್ರತಿ ಹೊಸ ಸರಕೂ ಗಿರಾಕಿಗೆ ಒಂದು ಹೊಸ ಅಂಜಿಕೆ ತಂದಿತು. ಆ ಅಂಜಿಕೆಗೆ ಕಂಡುಕೊಂಡ ಪರಿಹಾರವೇ ಈ ಕಂಪನಿಗಳ ನಿಜವಾದ ಹೊಸತು.

ಮೊಬೈಲಿನ ಅಂಜಿಕೆ ಹಣದ್ದು. ಇನ್ನೂರು ರೂಪಾಯಿಯ ಪುಸ್ತಕ ಬಾರದಿದ್ದರೆ ಮರೆಯಬಹುದು, ಎಂಟು ಸಾವಿರ ಹೋದರೆ ಮನೆಯಲ್ಲಿ ಜಗಳ. ಅದಕ್ಕೆ 2010ರಲ್ಲಿ ಫ್ಲಿಪ್‌ಕಾರ್ಟ್‌ನವರು ಸರಕು ಮನೆಗೆ ಬಂದಾಗ ಹಣ ಕೊಡುವ ಏರ್ಪಾಡು ಮಾಡಿದರು. ನಮ್ಮ ಹಳೆಯ ವಿ.ಪಿ.ಯೇ ಹೊಸದಾಗಿ ಬಂದಂತಾಯಿತು. ಹಾಗೆ ವಸೂಲಾದ ನಗದನ್ನು ಜೋಪಾನವಾಗಿ ತಿರುಗಿ ತಲುಪಿಸಲು ನಂಬಿಕೆಯ ಆಳುಗಳು ಬೇಕು. ಇಕಾರ್ಟ್ ಎಂಬ ಅವರದೇ ಸಾಗಾಟದ ವ್ಯವಸ್ಥೆ ಬೆಳೆದದ್ದು ಹೀಗೆ.

ಸೋತದ್ದನ್ನೂ ಬರೆಯಬೇಕು, ಏಕೆಂದರೆ ಇತಿಹಾಸ ಅಲ್ಲೇ ಹೆಚ್ಚು ಕಲಿಸುತ್ತದೆ. 2012ರಲ್ಲಿ ಫ್ಲಿಪ್‌ಕಾರ್ಟ್ 'ಫ್ಲೈಟ್' ಹೆಸರಿನಲ್ಲಿ ಹಾಡುಗಳನ್ನು ಬಿಡಿಬಿಡಿಯಾಗಿ ಮಾರಲು ಹೊರಟಿತು. ಪುಸ್ತಕ ಕೊಳ್ಳುವವರು ಹಾಡನ್ನೂ ಕೊಂಡಾರು ಎಂಬ ಲೆಕ್ಕ. ಆದರೆ ಪುಕ್ಕಟೆ ಹಾಡು ಎಲ್ಲೆಡೆ ಸಿಗುತ್ತಿತ್ತು. ಆರೇಳು ರೂಪಾಯಿಯನ್ನು ಸುಲಭವಾಗಿ ಪಾವತಿಸುವ ದಾರಿಯೂ ಆಗ ಇರಲಿಲ್ಲ. 2013ರಲ್ಲಿ ಅದನ್ನು ಮುಚ್ಚಿದರು. ಆ ದಾರಿ ತೆರೆದದ್ದು 2016ರಲ್ಲಿ, ಯುಪಿಐ ಬಂದ ಮೇಲೆ. ಅದೇ ವರ್ಷ ಫ್ಲಿಪ್‌ಕಾರ್ಟ್ ಬೆಂಗಳೂರಿನ ಫೋನ್‌ಪೇಯನ್ನು ಕೊಂಡಿತು. ಹಣ ಕಳಿಸಲಿಕ್ಕೆ ಹುಟ್ಟಿದ ಆ್ಯಪ್‌ನಲ್ಲಿ ಮುಂದೆ ರೀಚಾರ್ಜ್, ಬಂಗಾರ, ವಿಮೆ, ಮ್ಯೂಚುವಲ್ ಫಂಡ್ ಎಲ್ಲ ಬಂದವು. ಒಂದಕ್ಕೆಂದು ಕಟ್ಟಿದ್ದು ಹಲವಕ್ಕೆ ದಾರಿಯಾಗುವ ಈ ಬಗೆ ನಮ್ಮೂರಿನವರಿಗೆ ಸುಲಭವಾಗಿ ತಿಳಿಯುತ್ತದೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತನದಲ್ಲಿ ರೈತರು ತಾವೇ ಹಣ ಕೂಡಿಸಿ, ಮೈಮುರಿದು ದುಡಿದು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ್ದು ಬೆಳೆಗೆ ನೀರು ನಿಲ್ಲಲಿ ಎಂದು. ನೀರು ನಿಂತಮೇಲೆ ಕಬ್ಬು ಹೆಚ್ಚಿತು, ಕಬ್ಬಿನ ಹಿಂದೆ ಕಾರ್ಖಾನೆ, ಲಾರಿ, ಬ್ಯಾಂಕು ಎಲ್ಲ ಬಂದವು.

ಗಿರಾಕಿಯ ಅಂಜಿಕೆಗಳಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಬಟ್ಟೆಯದು. ನಮ್ಮ ಅಕ್ಕನ ಮನೆ ಬನಹಟ್ಟಿಯಲ್ಲಿ. ಮಾವನವರು ಮಗ್ಗದ ಸೀರೆ ಮಾರುತ್ತಿದ್ದರು. ಬಂದ ಹೆಣ್ಣುಮಗಳ ಅಂಗೈ ಮೇಲೆ ಮೊದಲು ಸೆರಗು ಹಾಸುವರು, ಬೆಲೆ ಆಮೇಲೆ. "ಕೈಗೆ ಒಗ್ಗಲಾರದ ಸೀರಿ ಮೈಗೂ ಒಗ್ಗೂದಿಲ್ಲ, ತಮ್ಮಾ" ಎನ್ನುವರು. ಪರದೆಯ ಮೇಲಿನ ಸೀರೆಗೆ ಅಂಗೈ ಎಲ್ಲಿ? 2007ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮಿಂತ್ರಾ ಮೊದಲು ಕಪ್, ಟೀಶರ್ಟುಗಳ ಮೇಲೆ ಬೇಕಾದ ಹೆಸರು ಅಚ್ಚುಹಾಕಿ ಕೊಡುತ್ತಿತ್ತು. ಆಮೇಲೆ ಉಡುಪಿನ ವ್ಯಾಪಾರಕ್ಕೆ ಹೊರಳಿತು. 2014ರಲ್ಲಿ ಅದನ್ನು ಫ್ಲಿಪ್‌ಕಾರ್ಟ್ ಕೊಂಡಿತು. ಬಟ್ಟೆಯ ಅಂಜಿಕೆಗೆ ಈ ವ್ಯಾಪಾರ ಕಂಡುಕೊಂಡ ಉತ್ತರ ವಾಪಸಾತಿ: ತರಿಸು, ಉಟ್ಟು ನೋಡು, ಒಗ್ಗದಿದ್ದರೆ ಕಳಿಸು.

ಗಿರಾಕಿಯ ಅಂಜಿಕೆ ಇದರಿಂದ ಹೋಯಿತು, ನಿಜ. ಆದರೆ ಅದು ಮಾರುವವನ ಮನೆಗೆ ಬಂದು ಕುಳಿತಿತು. 2013ರಿಂದ ಫ್ಲಿಪ್‌ಕಾರ್ಟ್ ಬೇರೆಯವರ ಸರಕಿಗೂ ಜಾಗ ಕೊಡುವ ಪೇಟೆಯಾಗಿತ್ತು. ಇಂಥ ಪೇಟೆಗಳಲ್ಲಿ ಮಾರುವವನು ಎಲ್ಲೋ ದೂರದ ಸಣ್ಣ ಮನುಷ್ಯ. ನನ್ನ ಸೋದರಳಿಯ ಒಂದು ಆ್ಯಪ್‌ನಲ್ಲಿ ಒಂಬತ್ತು ವಾರಿಯ ಸೀರೆ ಹಾಕಿದ್ದ. ಫೋಟೊದಲ್ಲಿ ಕಂಡ ಬಣ್ಣ ಇದಲ್ಲವೆಂದು ಸೀರೆ ತಿರುಗಿ ಬಂತು, ಗಳಿಗೆ ಮುರಿದು, ಅಂದರೆ ಮೊದಲ ಮಡಿಕೆ ಬಿಚ್ಚಿ. ಗಳಿಗೆ ಮುರಿದ ಸೀರೆಯನ್ನು ನಮ್ಮ ಕಡೆ ಹೊಸದೆಂದು ಯಾರೂ ಕೊಳ್ಳುವುದಿಲ್ಲ.

ಈಗ ಅವನು ಹಗಲ ಬೆಳಕಿನಲ್ಲಿ ಫೋಟೊ ತೆಗೆಯುತ್ತಾನೆ. ನೂಲು ಯಾವುದು, ಸೆರಗು ಎಷ್ಟುದ್ದ, ಕೈಮಗ್ಗವೋ ಪಾವರ್‌ಲೂಮೋ ಎಂದು ತಪ್ಪದೆ ಬರೆಯುತ್ತಾನೆ. ತಿರುಗಿ ಬರುವುದು ಕಡಿಮೆಯಾಗಿದೆ. 2019ರಲ್ಲಿ ಫ್ಲಿಪ್‌ಕಾರ್ಟ್ ನೇಕಾರರು, ಕುಶಲಕರ್ಮಿಗಳಿಗಾಗಿ 'ಸಮರ್ಥ್' ಎಂಬ ಯೋಜನೆ ತಂದಿತು, ಅದು ಒಳ್ಳೆಯದೇ. ಆದರೆ ವಾಪಸಾದ ಸೀರೆಯ ನಷ್ಟದಲ್ಲಿ ಪೇಟೆಯವನ ಪಾಲು ಎಷ್ಟು, ನೇಯ್ದವನ ಪಾಲು ಎಷ್ಟು ಎಂಬುದನ್ನು ರಬಕವಿ, ಬನಹಟ್ಟಿಯ ನೇಕಾರರು ಒಂದಾಗಿ ಕೇಳಬೇಕು. ಗಿರಾಕಿಯ ಅಂಜಿಕೆ ತೆಗೆಯಲು ಇಷ್ಟೆಲ್ಲ ಕಂಡುಹಿಡಿದವರಿಗೆ ಇದೊಂದನ್ನು ಕಂಡುಹಿಡಿಯುವುದು ದೊಡ್ಡ ಕೆಲಸವಲ್ಲ.