ಉಡುಪಿ ಪರಿಸರದಲ್ಲಿ ಶವಪರೀಕ್ಷೆ: ಪಟೇಲರ ತನಿಖೆಯಿಂದ ವೈದ್ಯರ ಮೇಜಿನವರೆಗೆ

ಶವಪರೀಕ್ಷೆ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಕಾರ್ಯಗಳು ಅಡಗಿವೆ. ಅಸಹಜ ಸಾವಿನ ಕಾರಣವನ್ನು ನ್ಯಾಯದ ಅಗತ್ಯಕ್ಕಾಗಿ ಕಂಡುಹಿಡಿಯುವುದು ಒಂದು. ಆಸ್ಪತ್ರೆಯಲ್ಲಿ ರೋಗದಿಂದ ತೀರಿಕೊಂಡವರ ದೇಹದಲ್ಲಿ ಆ ರೋಗದ ನಡೆಯನ್ನು ಅರಿಯುವುದು ಇನ್ನೊಂದು. ಮೊದಲನೆಯದಕ್ಕೆ ಮನೆಯವರ ಒಪ್ಪಿಗೆ ಬೇಕಿಲ್ಲ. ಎರಡನೆಯದು ಒಪ್ಪಿಗೆಯಿಲ್ಲದೆ ನಡೆಯುವಂತಿಲ್ಲ. ವೈದ್ಯವಿದ್ಯಾರ್ಥಿಗಳು ಅಂಗರಚನೆಯನ್ನು ಕಲಿಯಲು ಮಾಡುವ ಶವಚ್ಛೇದನ ಇವೆರಡಕ್ಕೂ ಸೇರದು. ಜನರ ಮಾತಿನಲ್ಲಿ ಮಾತ್ರ ಮೂರೂ 'ಹೆಣ ಕೊಯ್ಯುವುದು'.

ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಆಡಳಿತದಲ್ಲಿದ್ದ ಕಾಲದಲ್ಲಿ ಕಾಪು, ಕಾರ್ಕಳಗಳಂಥ ಊರುಗಳ ಅಸಹಜ ಸಾವುಗಳಿಗೆ 1898ರ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮು ಅನ್ವಯಿಸುತ್ತಿತ್ತು. ಮದರಾಸು ಮತ್ತು ಮುಂಬಯಿ ಪ್ರಾಂತ್ಯಗಳಲ್ಲಿ ಗ್ರಾಮದ ಮುಖ್ಯಸ್ಥನೂ ಈ ತನಿಖೆ ನಡೆಸಬಹುದೆಂದು ಆ ಕಲಮು ಹೇಳುತ್ತಿತ್ತು. ಈ ಜಿಲ್ಲೆಯಲ್ಲಿ ಆ ಮುಖ್ಯಸ್ಥನೆಂದರೆ ಪಟೇಲ. ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿ ಗೌರವಸ್ಥರ ಸಮಕ್ಷಮ ಗಾಯ, ಮೂಳೆಮುರಿತ, ಕಂದುಗುರುತುಗಳನ್ನು ನೋಡಿ, ಮೇಲ್ನೋಟಕ್ಕೆ ಕಾಣುವ ಕಾರಣವನ್ನು ಬರೆದಿಡಬೇಕಿತ್ತು. ದೇಹದ ಒಳಗೇನಿದೆ ಎಂಬುದು ಆ ಮಹಜರಿನ ವ್ಯಾಪ್ತಿಗೆ ಮೀರಿದ್ದು.

ಕಾರಣದ ಬಗ್ಗೆ ಸಂಶಯವಿದ್ದಲ್ಲಿ ಪೊಲೀಸ್ ಅಧಿಕಾರಿಯು ಶವವನ್ನು ಹತ್ತಿರದ ಸಿವಿಲ್ ಸರ್ಜನ್ ಅಥವಾ ಸರಕಾರ ನೇಮಿಸಿದ ವೈದ್ಯನಲ್ಲಿಗೆ ಕಳುಹಿಸಬೇಕು. ಆದರೆ ಅಲ್ಲೊಂದು ಷರತ್ತಿದೆ: ದಾರಿಯಲ್ಲಿ ಶವ ಕೊಳೆತು ಪರೀಕ್ಷೆಯೇ ನಿಷ್ಪ್ರಯೋಜಕವಾಗದಂತೆ ಹವೆ ಮತ್ತು ದೂರ ಅನುಕೂಲವಾಗಿರಬೇಕು. ಕರಾವಳಿಯ ಸಂದರ್ಭದಲ್ಲಿ ಇದು ಬರಿಯ ಔಪಚಾರಿಕ ಮಾತಾಗಿರಲಾರದು. ಸೇತುವೆಗಳಾಗುವ ಮೊದಲು ಉಡುಪಿ ಕಡೆಯಿಂದ ಜಿಲ್ಲಾ ಕೇಂದ್ರವಾದ ಮಂಗಳೂರಿಗೆ ಹೋಗಬೇಕಾದರೆ ಉದ್ಯಾವರ, ಶಾಂಭವಿ, ಗುರುಪುರ ಹೊಳೆಗಳನ್ನು ದೋಣಿಯಲ್ಲಿ ದಾಟಬೇಕಿತ್ತು. ಆಷಾಢದ ಮಳೆಯಲ್ಲಿ ಶವ ಹೊತ್ತವರ ಪಾಡನ್ನು ಊಹಿಸಬಹುದು. 1973ರ ಸಂಹಿತೆಯಲ್ಲಿ ಗ್ರಾಮ ಮುಖ್ಯಸ್ಥನ ಅಧಿಕಾರ ಉಳಿಯಲಿಲ್ಲ. ಹವೆ ಮತ್ತು ದೂರದ ಮಾತು ಮಾತ್ರ ಉಳಿಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನಲ್ಲಿಯೂ ಅದು ಇದೆ.

ದೂರವನ್ನು ಕುಗ್ಗಿಸಿದ್ದು ಕಾನೂನಲ್ಲ. ರಸ್ತೆ, ಸೇತುವೆ ಮತ್ತು ಆಸ್ಪತ್ರೆ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಿಂದ ಮಣಿಪಾಲದ ಗುಡ್ಡಕ್ಕೆ ಅಂಗರಚನಾಶಾಸ್ತ್ರ, ರೋಗಶಾಸ್ತ್ರಗಳ ಅಧ್ಯಯನ ಬಂದಿತು. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಸಾಮಾನ್ಯರೂ ರೋಗಪೀಡಿತ ಅಂಗಗಳ ಮಾದರಿಗಳನ್ನು ಕಾಣಬಹುದು. ಕಾಲೇಜಿನ ನ್ಯಾಯವೈದ್ಯಶಾಸ್ತ್ರ ವಿಭಾಗ, ಉಡುಪಿಯ ಅಜ್ಜರಕಾಡಿನ ಸರಕಾರಿ ಆಸ್ಪತ್ರೆ, ಕಾರ್ಕಳದ ತಾಲೂಕು ಆಸ್ಪತ್ರೆಗಳಿಂದಾಗಿ ಮಂಗಳೂರಿನ ದಾರಿ ಅನಿವಾರ್ಯವಲ್ಲದಾಯಿತು.

ಕಾಪುವಿನ ಕಡಲತೀರದಲ್ಲಿ ಸಿಕ್ಕ ಶವವೊಂದನ್ನು ಎಣಿಸಿಕೊಂಡರೆ ಪರೀಕ್ಷೆಯ ಅರ್ಥ ಸ್ಪಷ್ಟವಾಗುತ್ತದೆ. ನೀರಿನಲ್ಲಿ ಸಿಕ್ಕಿತೆಂದ ಮಾತ್ರಕ್ಕೆ ಅದು ಮುಳುಗಿ ಸತ್ತ ದೇಹವಲ್ಲ. ಸತ್ತ ಮೇಲೆ ನೀರು ಸೇರಿರಬಹುದು. ಶ್ವಾಸನಾಳದ ನವಿರಾದ ನೊರೆ, ಉಬ್ಬಿದ ಶ್ವಾಸಕೋಶಗಳು ಮುಳುಗುವಿಕೆಯನ್ನು ಸೂಚಿಸುತ್ತವೆ. ನೀರಿನ ಸೂಕ್ಷ್ಮ ಪಾಚಿಗಳಾದ ಡಯಾಟಮ್‌ಗಳು ಮೂಳೆಯ ಮಜ್ಜೆಯಲ್ಲಿ ದೊರೆತರೆ, ನೀರು ಒಳಹೊಕ್ಕಾಗ ರಕ್ತಚಲನೆ ಇತ್ತೆಂದು ಊಹಿಸಲು ಆಧಾರವಾಗುತ್ತದೆ. ಆದರೆ ಈ ಪರೀಕ್ಷೆಯ ಖಚಿತತೆಯ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ದೇಹ ಕೊಳೆತಷ್ಟೂ ನೊರೆಯಂಥ ಕುರುಹುಗಳು ಅಳಿಯುತ್ತವೆ. ಕಾರ್ಕಳದ ಒಳನಾಡಿನಲ್ಲಿ ಪ್ರಶ್ನೆ ವಿಷದ್ದಾದರೆ ಒಳಾಂಗಗಳನ್ನು ತೆಗೆದಿರಿಸಿ ರಾಸಾಯನಿಕ ಪರೀಕ್ಷೆಗೆ ಕಳುಹಿಸುತ್ತಾರೆ. ಅಂತಿಮ ಅಭಿಪ್ರಾಯ ಅಲ್ಲಿಯ ವರದಿಯನ್ನು ಕಾಯುತ್ತದೆ.

ಮನೆಯವರಿಗೆ ಈ ಕಾಯುವಿಕೆ ಬೇರೆಯೇ ಅರ್ಥದ್ದು. ದುರ್ಮರಣಕ್ಕೀಡಾದವರ ಕುಲೆ ನೆಲೆಗಾಣದೆಂಬ ನಂಬಿಕೆಯ, ಬೊಜ್ಜದವರೆಗಿನ ಕ್ರಿಯೆಗಳಿಗೆ ಮಹತ್ತ್ವ ಕೊಡುವ ತುಳುನಾಡಿನಲ್ಲಿ ದೇಹವನ್ನು ಕೊಯ್ಯುವುದಕ್ಕೆ ಹಿಂಜರಿಕೆ ಇರುವುದು ಅಜ್ಞಾನವೆಂದು ತಳ್ಳಿಹಾಕುವಂಥದ್ದಲ್ಲ. ಆದರೂ ಮನೆಯವರ ಅನಿಚ್ಛೆಯೇ ಸತ್ಯವನ್ನು ಮುಚ್ಚುವ ಮರೆಯಾಗಬಲ್ಲದು. ಮದುವೆಯಾದ ಏಳು ವರ್ಷಗಳೊಳಗೆ ಆತ್ಮಹತ್ಯೆಯಿಂದ ಅಥವಾ ಶಂಕಾಸ್ಪದವಾಗಿ ಸತ್ತ ಹೆಣ್ಣಿನ ಶವವನ್ನು ವೈದ್ಯಪರೀಕ್ಷೆಗೆ ಒಳಪಡಿಸಲು 1983ರ ತಿದ್ದುಪಡಿಯು ವಿಶೇಷವಾಗಿ ವಿಧಿಸಿದ್ದು ಈ ಕಾರಣದಿಂದಲೇ.

ಹಗಲಿನಲ್ಲೇ ಪರೀಕ್ಷೆ ಎಂಬ ರೂಢಿಯನ್ನು ಕೇಂದ್ರ ಆರೋಗ್ಯ ಸಚಿವಾಲಯವು 2021ರ ನವೆಂಬರಿನಲ್ಲಿ ಸಡಿಲಿಸಿತು. ಸೌಕರ್ಯವಿರುವ ಆಸ್ಪತ್ರೆಗಳಲ್ಲಿ ಸೂರ್ಯಾಸ್ತದ ಬಳಿಕವೂ ಅದನ್ನು ನಡೆಸಬಹುದು. ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ದೇಹ ಹಾಗೂ ಸಂಶಯಾಸ್ಪದ ಸಾವುಗಳನ್ನು, ಶಾಂತಿಪಾಲನೆಯ ತುರ್ತು ಇದ್ದ ಹೊರತು, ಈ ಸಡಿಲಿಕೆಯಿಂದ ಹೊರಗಿಡಲಾಗಿದೆ. ಆ ಮನೆಗಳವರು ಬೆಳಗಾಗುವುದನ್ನು ಕಾಯಬೇಕು.