ನಲವತ್ತೆರಡು ಬಿಂದು ಎಂಟು

ಸಾಪೇಕ್ಷ ಸಾಂದ್ರತೆಯ ಪಾಠ ಬಂದಾಗಲೆಲ್ಲ ನಾನು ಹಾಲಿನ ಲ್ಯಾಕ್ಟೋಮೀಟರನ್ನು ತರಗತಿಗೆ ಒಯ್ಯುತ್ತಿದ್ದೆ. ಒಮ್ಮೆ ಎಮ್ಮಿಗನೂರಿನ ಹುಡುಗನೊಬ್ಬ ಎದ್ದುನಿಂತು, "ಸರ್, ನಮ್ಮ ಮಾವ ಮಿಲ್ಟ್ರಿಯಿಂದ ತಂದ ರಮ್ ಬಾಟ್ಲಿ ಮ್ಯಾಲೆ 42.8 ಅಂತ ಐತ್ರಿ. ನಲವತ್ತು, ನಲವತ್ತೈದು ಅಂತ ಯಾಕಿಲ್ರಿ?" ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು. ನಾನು ಗದರಿಸಿ ಕೂರಿಸಿದೆ. ನಿಜ ಹೇಳಬೇಕೆಂದರೆ ಉತ್ತರ ನನಗೇ ಗೊತ್ತಿರಲಿಲ್ಲ. ನಿವೃತ್ತನಾದ ಮೇಲೆ ಹುಡುಕಲು ಕುಳಿತೆ.

ಹುಡುಕುತ್ತ ಹೋದವನು ತಲುಪಿದ್ದು ಬ್ರಿಟಿಷ್ ನೌಕಾಪಡೆಯ ಹಡಗುಗಳಿಗೆ. 1655ರಲ್ಲಿ ಜಮೈಕಾ ದ್ವೀಪ ಇಂಗ್ಲಿಷರ ವಶವಾಯಿತು. ಅದು ಕಬ್ಬಿನ ನಾಡಾಯಿತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುಳಿಯಿಸಿ ಭಟ್ಟಿ ಇಳಿಸಿದರೆ ರಮ್. (ಕಂಪ್ಲಿ, ಹೊಸಪೇಟೆಯ ಕಬ್ಬಿನ ಗದ್ದೆಗಳ ನಡುವೆ ಬೆಳೆದವರಿಗೆ ಕಾಕಂಬಿಯ ವಾಸನೆಯನ್ನು ವರ್ಣಿಸಬೇಕಾಗಿಲ್ಲ.) ಪೀಪಾಯಿಯ ನೀರು ಪಾಚಿಗಟ್ಟುತ್ತಿತ್ತು, ಬಿಯರ್ ಕೆಡುತ್ತಿತ್ತು, ರಮ್ ಮಾತ್ರ ಉಳಿಯುತ್ತಿತ್ತು. 1731ರ ನಿಯಮದಂತೆ ಬಿಯರಿನ ಬದಲು ನಾವಿಕನಿಗೆ ದಿನಕ್ಕೆ ಅರ್ಧ ಪೈಂಟ್, ಅಂದರೆ ಸುಮಾರು ಕಾಲು ಲೀಟರ್ ರಮ್ ಪಡಿ. ಅಮಲಿನ ಅನಾಹುತ ಕಂಡು ಅಡ್ಮಿರಲ್ ವರ್ನನ್ 1740ರಲ್ಲಿ ಅದಕ್ಕೆ ನಾಲ್ಕು ಪಾಲು ನೀರು ಬೆರೆಸಿ ಕೊಡಲು ಆಜ್ಞೆಮಾಡಿದ. ಆ ಪಡಿ ಪೂರ್ತಿ ನಿಂತದ್ದು 1970ರ ಜುಲೈ 31ರಂದು.

ನೀರು ಬೆರೆಸುವುದು ಅಪ್ಪಣೆಯಿಂದಲೇ ಆಗುತ್ತದೆಯೆ? ಮಾರುವವನೂ ಬೆರೆಸಬಹುದು. ತೆರಿಗೆ ಹಾಕುವ ಸರ್ಕಾರಕ್ಕೂ ಅದೇ ಚಿಂತೆ. ಹಿಂದೆ ಮದ್ದಿನ ಪುಡಿಯನ್ನು ಮದ್ಯದಲ್ಲಿ ನೆನೆಸಿ ಬೆಂಕಿ ಹಚ್ಚಿ ನೋಡುತ್ತಿದ್ದರಂತೆ. ಪುಡಿ ಹೊತ್ತಿಕೊಂಡರೆ ಸಾಚಾ, ಅದೇ 'ಪ್ರೂಫ್'. ಇಂಥ ಪರೀಕ್ಷೆಯನ್ನು ನಂಬಿ ಎಷ್ಟು ದಿನ ತೆರಿಗೆ ವಸೂಲಿಮಾಡಲಾದೀತು? 1816ರಲ್ಲಿ ಸೈಕ್ಸ್ ಎಂಬವನ ಹೈಡ್ರೋಮೀಟರಿಗೆ ಕಾನೂನಿನ ಮನ್ನಣೆ ದೊರೆಯಿತು. ನಮ್ಮ ಲ್ಯಾಕ್ಟೋಮೀಟರಿನ ಅಣ್ಣನೇ ಅದು. ದ್ರವ ಹಗುರವಾದಷ್ಟೂ ಹೆಚ್ಚು ಮುಳುಗುತ್ತದೆ. 51 ಡಿಗ್ರಿ ಫ್ಯಾರನ್‌ಹೀಟ್ ಉಷ್ಣತೆಯಲ್ಲಿ ಅಷ್ಟೇ ಗಾತ್ರದ ನೀರಿನ 13ರಲ್ಲಿ 12 ಪಾಲು ತೂಗುವ ಮದ್ಯವೇ ಪ್ರೂಫ್. ಇಂದಿನ ಲೆಕ್ಕದಲ್ಲಿ ಅದು ನೂರಕ್ಕೆ 57.1 ಭಾಗ ಮದ್ಯಸಾರ.

ಆಳುವವರೊಡನೆ ಈ ಅಳತೆಯೂ ಇಲ್ಲಿಗೆ ಬಂದಿತು. ಸ್ವತಂತ್ರ ಭಾರತದ ಅಬಕಾರಿ ನಿಯಮಗಳಲ್ಲಿಯೂ 'ಲಂಡನ್ ಪ್ರೂಫ್' ಎಂಬ ಮಾತು ಉಳಿಯಿತು. 57.1ರ ಮುಕ್ಕಾಲು ಎಷ್ಟು? 42.8. ಆ ಹುಡುಗ ಓದಿದ್ದು 75 ಡಿಗ್ರಿ ಪ್ರೂಫನ್ನು! ಬ್ರಿಟನ್ 1980ರಲ್ಲಿ ಈ ಪದ್ಧತಿಯನ್ನು ಕೈಬಿಟ್ಟರೂ ನಮ್ಮ ಬಾಟಲಿಗಳ ಮೇಲೆ ಆ ಸಂಖ್ಯೆ ಕುಳಿತೇ ಇದೆ.

ಆದರೆ ತರಗತಿಯಲ್ಲಿ ಹೇಳಬೇಕಾಗಿದ್ದ ಇನ್ನೊಂದು ಮಾತಿದೆ. ಎಥೆನಾಲಿನ ಸಾಪೇಕ್ಷ ಸಾಂದ್ರತೆ 0.789, ವಿಷವಾದ ಮೆಥೆನಾಲಿನದು 0.792. ಹೈಡ್ರೋಮೀಟರಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಬಣ್ಣ ಒಂದೇ, ವಾಸನೆಯೂ ಹತ್ತಿರ. 1981ರ ಜುಲೈನಲ್ಲಿ ಬೆಂಗಳೂರು ಮತ್ತು ಸುತ್ತಮುತ್ತ ಮೆಥೆನಾಲು ಬೆರೆತ ಕಳ್ಳ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ಬಡ ಕೂಲಿಕಾರರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಪ್ಯಾಕೆಟ್ ಸಾರಾಯಿ ಮಾರಾಟವೇ ನಿಂತಿತು. ಮಾವನ ಬಾಟಲಿಯ ಬಗ್ಗೆ ಕೇಳಿದ ಹುಡುಗನನ್ನು ಗದರಿಸುವ ಬದಲು, ಆ ಎರಡು ಸಂಖ್ಯೆಗಳನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದ್ದರೆ ಪಾಠ ಇನ್ನೊಂದು ಐದು ನಿಮಿಷ ಹೆಚ್ಚಾಗುತ್ತಿತ್ತು, ಅಷ್ಟೆ.