ವಠಾರದ ಬಾಗಿಲು ಕಾಯ್ದವರು

ಸಿಸ್ಕೊ ಎಂಬ ಕಂಪನಿಯ ಹೆಸರು ಬೆಂಗಳೂರಿನವರಿಗೆ ಹೊಸದಲ್ಲ. ಅದರ ಹುಟ್ಟಿನ ಕಥೆಯನ್ನೂ ಹಲವರು ಕೇಳಿರುತ್ತಾರೆ: ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬೇರೆ ಬೇರೆ ಕಟ್ಟಡಗಳಲ್ಲಿ ಕೆಲಸಕ್ಕಿದ್ದ ದಂಪತಿ, ಲೆನ್ ಬೊಸಾಕ್ ಮತ್ತು ಸ್ಯಾಂಡಿ ಲರ್ನರ್, ಒಬ್ಬರಿಗೊಬ್ಬರು ಇಮೇಲ್ ಕಳಿಸಲಾಗದೆ ಪರದಾಡಿ, ಒಂದು ನೆಟ್‌ವರ್ಕಿನಿಂದ ಇನ್ನೊಂದಕ್ಕೆ ಮಾಹಿತಿ ದಾಟಿಸುವ ರೌಟರ್ ಕಂಡುಹಿಡಿದರಂತೆ. ಕೇಳಲು ಸೊಗಸು. ಪ್ರೇಮವನ್ನು ಬದಿಗಿಟ್ಟು ನೋಡಿದರೆ ಉಳಿಯುವುದು ಅವರ ನೌಕರಿ. ಬೊಸಾಕ್ ಕಂಪ್ಯೂಟರ್ ವಿಜ್ಞಾನ ವಿಭಾಗದ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದರು, ಲರ್ನರ್ ಬಿಸಿನೆಸ್ ಸ್ಕೂಲಿನವನ್ನು. ಇಬ್ಬರೂ ಪ್ರಾಧ್ಯಾಪಕರಲ್ಲ, ಸಂಬಳಕ್ಕಿದ್ದ ಸಿಬ್ಬಂದಿ. ಕ್ಯಾಂಪಸ್ಸಿನ ನೆಟ್‌ವರ್ಕ್ ಬೆಳೆದದ್ದು ಇಂಥವರ ಕೈಯಲ್ಲಿ. ಅವರ ದುಡಿಮೆಗೆ ಏನು ಬೆಲೆ ಕಟ್ಟಬೇಕೆಂಬುದು ಮಾತ್ರ ವಿಶ್ವವಿದ್ಯಾಲಯಕ್ಕೆ ಹೊಳೆಯಲಿಲ್ಲ.

ಈ ದಂಪತಿಗಿಂತ ಮೊದಲೇ ಕೆಲಸ ಶುರುಮಾಡಿದ್ದವರು ವಿಲಿಯಂ ಯೇಗರ್. ವೈದ್ಯಕೀಯ ಶಾಲೆಯ ಕಂಪ್ಯೂಟರ್ ಕೇಂದ್ರದಲ್ಲಿದ್ದ ಅವರಿಗೆ, ಅಲ್ಲಿನ ಯಂತ್ರಗಳನ್ನು ಕಂಪ್ಯೂಟರ್ ವಿಜ್ಞಾನ ಮತ್ತು ಎಲೆಕ್ಟ್ರಿಕಲ್ ವಿಭಾಗಗಳ ಯಂತ್ರಗಳಿಗೆ ಜೋಡಿಸುವ ಹೊಣೆ 1980ರಲ್ಲಿ ಬಂತು. ಆಗ ಪ್ರತಿ ವಿಭಾಗಕ್ಕೂ ತನ್ನದೇ ಕೇಬಲ್, ತನ್ನದೇ ಯಂತ್ರ, ತನ್ನದೇ ಪ್ರೋಟೊಕಾಲ್. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದ ಸಂತೆ. ಯೇಗರ್ ಒಂದು ಸಣ್ಣ ಪಿಡಿಪಿ-11 ಯಂತ್ರಕ್ಕೆ ಪ್ರೋಗ್ರಾಂ ಬರೆದು ಮೊದಲು ಝೆರಾಕ್ಸ್ ಸಂಸ್ಥೆಯ ಪಪ್ ಪ್ರೋಟೊಕಾಲನ್ನು ದಾಟಿಸಿದರು, ಆಮೇಲೆ ಇಂಟರ್‌ನೆಟ್ಟಿನ ಐಪಿಯನ್ನೂ ಸೇರಿಸಿದರು. ಮುಂದೆ ಅದೇ ಪ್ರೋಗ್ರಾಂ, ವಿದ್ಯಾರ್ಥಿಯಾಗಿದ್ದ ಆಂಡಿ ಬೆಕ್ಟಲ್‌ಶೈಮ್ ರೂಪಿಸಿದ ಬೋರ್ಡಿನ ಮೇಲೆ ಓಡತೊಡಗಿ, 'ನೀಲಿ ಪೆಟ್ಟಿಗೆ' ಎನಿಸಿಕೊಂಡು ಕ್ಯಾಂಪಸ್ಸಿನಲ್ಲಿ ಹರಡಿತು.

ಬೋರ್ಡು ವಿದ್ಯಾರ್ಥಿಯದು, ಯಂತ್ರಗಳನ್ನು ಕೇಬಲ್ಲಿನಲ್ಲಿ ಜೋಡಿಸುವ ಈಥರ್‌ನೆಟ್ ತಂತ್ರ ಝೆರಾಕ್ಸ್‌ನದು, ಹಾಗಿದ್ದಮೇಲೆ ಸಿಬ್ಬಂದಿಯದೇನು ಹೆಚ್ಚುಗಾರಿಕೆ ಎಂದು ಕೇಳಬಹುದು. ಸಂಶೋಧನೆಯ ಪಾಲು ದೊಡ್ಡದೇ. ಆದರೆ ಆ ಸಂಶೋಧನೆಗೆ ಪ್ರಶ್ನೆಗಳು ಎಲ್ಲಿಂದ ಬಂದವು ನೋಡಿ. ಹೊರಗಿನ ಇಂಟರ್‌ನೆಟ್ ಒಂದು ಸಂಸ್ಥೆಯನ್ನು ಒಂದೇ ನೆಟ್‌ವರ್ಕ್ ಎಂದು ಬಗೆದಿತ್ತು. ಒಳಗೆ ನೋಡಿದರೆ ಕಟ್ಟಡಕ್ಕೊಂದು. ಸ್ಟ್ಯಾನ್‌ಫರ್ಡಿನ ಜೆಫ್ರಿ ಮೊಗಲ್ 1984ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಸಬ್‌ನೆಟ್ ಟಿಪ್ಪಣಿ ಹುಟ್ಟಿದ್ದು ಈ ಇಕ್ಕಟ್ಟಿನಿಂದ. ವಠಾರಕ್ಕೆ ಹೊರಗಿನವರು ಬರೆಯುವ ವಿಳಾಸ ಒಂದೇ ಇರಲಿ, ಯಾವ ಕಾಗದ ಯಾವ ಮನೆಗೆಂಬುದನ್ನು ಒಳಗಿನವರು ನೋಡಿಕೊಳ್ಳಲಿ ಎಂಬುದು ಅದರ ತಿರುಳು. ಆ ಬಾಗಿಲಲ್ಲಿ ದಿನವೂ ನಿಲ್ಲುವವರಿಲ್ಲದಿದ್ದರೆ ತೊಡಕು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಇಂದು ಬೆಂಗಳೂರಿನ ಕಾಲೇಜಿನ ವೈಫೈ ನೋಡಿಕೊಳ್ಳುವವರೂ ಲೆಕ್ಕ ಹಾಕುವುದು ಅದೇ ಸಬ್‌ನೆಟ್ಟನ್ನು.

ನಿರ್ವಹಣೆಗೆ ಸಂಬಳ ಕೊಟ್ಟಾಯಿತಲ್ಲ, ಇನ್ನೇನು ಎಂಬ ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ. ಸಂಬಳ ಕೊಟ್ಟದ್ದು ನಿಜ. ಪೇಪರು, ಪೇಟೆಂಟುಗಳನ್ನು ಎಣಿಸಲು ಪಳಗಿದ ಸಂಸ್ಥೆಗೆ, ಕೆಡದೆ ಓಡುತ್ತಿರುವ ಪೆಟ್ಟಿಗೆಯನ್ನು ಎಣಿಸುವ ಕ್ರಮ ತಿಳಿದಿರಲಿಲ್ಲ, ಅಷ್ಟೆ. ಬೊಸಾಕ್ ಮತ್ತು ಲರ್ನರ್ 1984ರ ಡಿಸೆಂಬರಿನಲ್ಲಿ ಸಿಸ್ಕೊ ಕಟ್ಟಿದರು. ಯೇಗರ್ ಬರೆದಿದ್ದ ಪ್ರೋಗ್ರಾಂ ಬೊಸಾಕ್ ಕೈಗೆ ಬಂದು ಸಿಸ್ಕೊದ ಸರಕಿಗೆ ಬುನಾದಿಯಾಯಿತು. 1986ರ ಜುಲೈನಲ್ಲಿ ಬೊಸಾಕ್ ಮತ್ತು ಸಹೋದ್ಯೋಗಿ ಕರ್ಕ್ ಲೌಹೀಡ್ ರಾಜೀನಾಮೆ ಕೊಟ್ಟರು. ಪ್ರೋಗ್ರಾಂ ತನ್ನದೆಂದು ವಿಶ್ವವಿದ್ಯಾಲಯ ಮೊಕದ್ದಮೆಯ ಮಾತೆತ್ತಿ, ಕೊನೆಗೆ 1987ರಲ್ಲಿ ಆ ಪ್ರೋಗ್ರಾಮಿಗೂ ಬೋರ್ಡುಗಳಿಗೂ ಪರವಾನಗಿ ಕೊಟ್ಟು ರಾಜಿಯಾಯಿತು. ಬಂದದ್ದು 19,300 ಡಾಲರ್ ನಗದು, 1,50,000 ಡಾಲರ್ ರಾಯಧನ, ಮತ್ತು ಸಿಸ್ಕೊದ ರೌಟರುಗಳನ್ನು ತಾನೇ ಕೊಳ್ಳುವಾಗ ಒಂದಿಷ್ಟು ರಿಯಾಯಿತಿ.